ಯಾವುದು ಕಂಪ್ಯೂಟರ್, ಯಾವುದು ಅಲ್ಲ

ಜಗಳ ಶುರುವಾದದ್ದು ಒಂದು ಕಾಫಿ ಯಂತ್ರದಿಂದ.

ಕಂಪನಿಯ ಯಾವ ವಿಭಾಗ ತನ್ನ ಕಂಪ್ಯೂಟರುಗಳನ್ನು ಚೆನ್ನಾಗಿ ಇಟ್ಟುಕೊಂಡಿದೆ ಎಂದು ಹೋಲಿಸಿ ನೋಡುವ ಆಸೆ ದೊಡ್ಡ ಸಾಹೇಬರಿಗೆ ಹುಟ್ಟಿತ್ತು. ಏನು ಹೋಲಿಸುವುದು ಮಣ್ಣು! ಒಬ್ಬೊಬ್ಬರ ಲೆಕ್ಕ ಒಂದೊಂದು ಥರ. ಎಲ್ಲರೂ ಒಂದು ಪದಕ್ಕೆ ಒಂದೇ ಅರ್ಥ ಇಟ್ಟುಕೊಳ್ಳುವಂತೆ ‘ಆಂಟಾಲಜಿ’ ಎಂಬುದೊಂದನ್ನು ಕಟ್ಟಿಕೊಡಲು ಗುತ್ತಿಗೆಯ ಮೇಲೆ ಒಬ್ಬ ಬಡಪಾಯಿ ಬಂದ. ಆಫೀಸಿನವರು ಅವನಿಗೆ ‘ನಿಘಂಟು’ ಎಂದೇ ಹೆಸರಿಟ್ಟರು. ಇವತ್ತು ಸಂಜೆಯೊಳಗೆ ಎಲ್ಲರನ್ನೂ ಒಪ್ಪಿಸಿದರೆ ಕೆಲಸ ಕಾಯಂ ಎಂದಿದ್ದರು ಸಾಹೇಬರು. “ಕಾಯಂ ಆಗದೆ ಮನೆಗೆ ಬರಬೇಡಿ” ಎಂದು ಹೆಂಡತಿ ಬಾಗಿಲಲ್ಲೇ ಹೇಳಿ ಕಳಿಸಿದ್ದಳು.

“ಕಾಫಿ ಯಂತ್ರಕ್ಕೆ ಪರದೆ ಇದೆ, ಗುಂಡಿ ಇದೆ, ಆಗಾಗ ಕೆಡುತ್ತೆ ಬೇರೆ. ಕಂಪ್ಯೂಟರ್ ಅಲ್ಲದೆ ಇನ್ನೇನ್ರೀ ಅದು?” ಎಂದು ಮಾರಾಟದ ಮ್ಯಾನೇಜರ್ ಮೇಜು ಕುಟ್ಟಿದರು.

“ಹಾಗಾದ್ರೆ ನಮ್ಮ ಲಿಫ್ಟೂ ಸೇರಿಸ್ಕೊಳ್ಳಿ,” ಲೆಕ್ಕಪತ್ರದ ಮೇಡಂ ಕನ್ನಡಕದ ಮೇಲಿಂದ ನೋಡಿದರು. “ಆದ್ರೆ ಕೆಟ್ಟು ಕೂತಿರೋದನ್ನ ಎಣಿಸಿದ್ರೆ ನಾನು ಸಹಿ ಹಾಕಲ್ಲ. ಮಾನ ಹೋಗುತ್ತೆ.”

ಇವರನ್ನು ಒಪ್ಪಿಸಿದರೆ ಅವರಿಗೆ ಸಿಟ್ಟು. ಮಧ್ಯಾಹ್ನದ ಊಟವೂ ಇಲ್ಲದೆ ಓಡಾಡಿದ ನಿಘಂಟುವಿಗೆ ಇನ್ನು ಕಾಲಿಗೆ ಬೀಳುವುದೊಂದೇ ಬಾಕಿ. ಕೊನೆಗೆ, ಪರದೆ ಇರುವುದೆಲ್ಲ ಕಂಪ್ಯೂಟರ್, ಓಡದೆ ಇರುವುದು ಕಂಪ್ಯೂಟರೇ ಅಲ್ಲ ಎಂದು ಬರೆದು ಇಬ್ಬರನ್ನೂ ಸಮಾಧಾನ ಮಾಡಿದ.

ಗೋದಾಮಿನ ಹಿರಿಯರು ಮಾತ್ರ ಚಕಾರ ಎತ್ತಲಿಲ್ಲ. ಅಲ್ಲಿನ ಕಂಪ್ಯೂಟರುಗಳು ಕೆಟ್ಟು, ಗೋಣಿಚೀಲ ಹೊದ್ದು ಮಲಗಿ ಎಷ್ಟೋ ಕಾಲವಾಗಿತ್ತು. ವ್ಯವಹಾರವೆಲ್ಲ ಬಾಯಿಲೆಕ್ಕ. “ಏನು ಬೇಕಾದ್ರೂ ಬರ್ಕೊಳ್ಳಪ್ಪ, ನಮಗೇನು?” ಎಂದು ಸಹಿ ಗೀಚಿಬಿಟ್ಟರು. ಪುಣ್ಯಾತ್ಮ ಎಂದು ನಿಘಂಟು ಮನಸ್ಸಿನಲ್ಲೇ ಕೈ ಮುಗಿದ.

ಸಂಜೆ ಹೋಲಿಕೆಯ ಫಲಿತಾಂಶ ನೋಡಿದ ಸಾಹೇಬರು ಕುರ್ಚಿ ಬಿಟ್ಟು ಎದ್ದೇಬಿಟ್ಟರು. “ಭೇಷ್! ಗೋದಾಮಿಗೆ ಮೊದಲ ಸ್ಥಾನ! ದೂರಿಲ್ಲ, ರಿಪೇರಿ ಇಲ್ಲ!”

“ಸಾರ್, ಅಲ್ಲಿ ಓಡೋ ಕಂಪ್ಯೂಟರೇ...”

“ಓಡದೆ ಇರೋದು ಕಂಪ್ಯೂಟರೇ ಅಲ್ಲ ಅಂತ ನೀವೇ ಬರ್ದಿದ್ದೀರಲ್ರೀ! ಎಂಥಾ ಮಾತು! ಇನ್ಮೇಲೆ ಎಲ್ಲಾ ವಿಭಾಗವೂ ಗೋದಾಮಿನ ಥರಾನೇ ನಡೀಬೇಕು.”

“ಸಾರ್, ನನ್ನ ಕಾಯಂ ವಿಷಯ...”

“ಅಲ್ಲಿಗೇ ಬಂದೆ. ಗೋದಾಮಿನಲ್ಲಿ ನಿಮ್ಮಂಥೋರು ಎಷ್ಟು ಜನ ಇದ್ದಾರೆ?”

“ಒಬ್ಬರೂ ಇಲ್ಲ ಸಾರ್.”

“ನೋಡಿದ್ರಾ ಮತ್ತೆ!” ಸಾಹೇಬರು ಪ್ರೀತಿಯಿಂದ ಬೆನ್ನು ತಟ್ಟಿದರು. “ಹೋಗೋ ಮುಂಚೆ ‘ಅನಗತ್ಯ ಸಿಬ್ಬಂದಿ’ ಅನ್ನೋದಕ್ಕೂ ಒಂದು ಅರ್ಥ ಬರ್ದಿಟ್ಟು ಹೋಗಿ. ಬಹಳ ಚೆನ್ನಾಗಿ ಬರೀತೀರಿ ನೀವು.”

ನಿಘಂಟು ಬರೆದುಕೊಟ್ಟ. ಅದಕ್ಕೆ ಮಾತ್ರ ಎಲ್ಲ ವಿಭಾಗದವರೂ ತಕರಾರಿಲ್ಲದೆ ಸಹಿ ಹಾಕಿದರು.