ಮೆಟ್ಟಿಲಡಿಯ ಮೋಟಾರ್‌ಸೈಕಲ್

ಎಲ್ಲಕ್ಕೂ ಕಾರಣ ಒಂದು ಮೊಣಕಾಲು. ಬೆಳಿಗ್ಗೆ ಕೆಲಸಕ್ಕೆ ಹೊರಟ ಟೈಲರನ ಹೆಂಡತಿ, ಮೆಟ್ಟಿಲ ಕೆಳಗೆ ವರ್ಷಗಳಿಂದ ನಿಂತಿದ್ದ ಹಳೇ ಮೋಟಾರ್‌ಸೈಕಲ್ಲಿನ ಕಿಕ್ಕರಿಗೆ ಮೊಣಕಾಲು ತಾಗಿಸಿಕೊಂಡಳು. ಹೊಸದೇನಲ್ಲ. ಆದರೆ ಇವತ್ತು ಅವಳು ‘ಅಯ್ಯೋ’ ಅನ್ನಲಿಲ್ಲ. ಟೈಲರನಿಗೆ ಭಯವಾದದ್ದು ಅದಕ್ಕೇ.

“ಸಂಜೆ ಬರುವಾಗ ಗುಜರಿಯವನನ್ನ ಕರ್ಕೊಂಡೇ ಬರ್ತೀನಿ. ಅಷ್ಟರಲ್ಲಿ ಇದು ಸ್ಟಾರ್ಟ್ ಆಯ್ತೋ, ಇರ್ಲಿ, ನಾನಿನ್ನು ತುಟಿ ಬಿಚ್ಚಲ್ಲ. ಆಗ್ಲಿಲ್ವೋ, ಅವನ ಜೊತೆ ಹೋಗುತ್ತೆ.”

“ಅಪ್ಪನ ಗಾಡಿ ಕಣೇ ಅದು!”

“ನಿಮ್ಮಪ್ಪನಿಗೂ ಮೊಣಕಾಲು ನೋವಿತ್ತು,” ಎಂದು ಅವಳು ಕುಂಟುತ್ತಾ ಹೋದಳು.

ಚಿಕ್ಕವನಿದ್ದಾಗ ಅಪ್ಪ ಅವನನ್ನು ಆ ಗಾಡಿಯ ಟ್ಯಾಂಕಿನ ಮೇಲೆ ಕೂರಿಸಿಕೊಂಡು ಸುತ್ತಿಸುತ್ತಿದ್ದ. ಅಪ್ಪ ಹೋದ ಮೇಲೆ ಗಾಡಿಯೂ ಬಾಯಿ ಮುಚ್ಚಿಕೊಂಡಿತ್ತು. ಅದನ್ನು ತಕ್ಕಡಿಗೆ ಹಾಕುವುದೇ? ಟೈಲರ್ ಅಂಗಡಿಗೆ ಬೀಗ ಜಡಿದು ತೋಳು ಮಡಿಚಿದ.

ಅವನಿಗೆ ಗೊತ್ತಿದ್ದ ಯಂತ್ರ ಹೊಲಿಗೆ ಮಿಷನ್ನು ಒಂದೇ. ಅದಕ್ಕೆ ಮಾಡುವುದನ್ನೇ ಇದಕ್ಕೂ ಮಾಡಿದ. ತೂತು ಕಂಡಲ್ಲೆಲ್ಲ ಎಣ್ಣೆ ಬಿಟ್ಟ, ದೂಳು ಕಂಡಲ್ಲೆಲ್ಲ ಊದಿದ. ದೂಳೆಲ್ಲ ಬಂದು ಅವನ ಮೀಸೆಯಲ್ಲೇ ಬಿಡಾರ ಹೂಡಿತು. ಚಕ್ರಗಳಿಗೆ ಗಾಳಿ ತುಂಬಿ, ಹೊಸ ಪೆಟ್ರೋಲ್ ಹಾಕಿ ಕಿಕ್ಕರ್ ಒದ್ದ. ಗಾಡಿ ನಿದ್ದೆಗೆಟ್ಟ ಮುದುಕನ ಹಾಗೆ ಒಮ್ಮೆ ಕೆಮ್ಮಿ ಸುಮ್ಮನಾಯಿತು.

ಸದ್ದು ಕೇಳಿ ಪಕ್ಕದ ಮನೆಯವರು ಬಂದರು. ರೈಲು ಓಡಿಸಿ ನಿವೃತ್ತರಾದವರು, ಎಲ್ಲರ ಬಾಯಲ್ಲೂ ಎಂಜಿನ್ ಮಾವ.

“ಹಾಗಲ್ಲ ಕಣಯ್ಯಾ ಒದೆಯೋದು. ಎಂಜಿನ್ ಅಂದ್ರೆ ಗೌರವ ಇರ್ಬೇಕು.”

“ಗೌರವ ಕೊಟ್ಟು ಒದೆಯೋದು ಹೇಗೆ ಮಾವ?”

ಮಾವ ಒದ್ದು ತೋರಿಸಿದರು. ಕಿಕ್ಕರ್ ಅಷ್ಟೇ ಗೌರವದಿಂದ ತಿರುಗಿ ಅವರ ಕಾಲಿಗೆ ಬಡಿಯಿತು. ಆಮೇಲೆ ಅವರು ಸಲಹೆಗಳನ್ನೆಲ್ಲ ಮೆಟ್ಟಿಲ ಮೇಲೆ ಕೂತೇ ಕೊಟ್ಟರು.

ಮಹಡಿಯ ಅಕ್ಕ ಬಿಳಿ ದುಪ್ಪಟಿ ಒಣಹಾಕುತ್ತಾ ಮೇಲಿಂದಲೇ ಬಗ್ಗಿ ನೋಡಿದಳು. “ನಮ್ಮೆಜಮಾನ್ರ ಸ್ಕೂಟರಿಗೂ ಹೀಗೇ ಆಗಿತ್ತಪ್ಪಾ. ಪ್ಲಗ್ ಬಿಚ್ಚಿ ಉಜ್ಜು.”

“ಉಜ್ಜಿದ್ಮೇಲೆ ಸರಿ ಹೋಯ್ತಾಕ್ಕಾ?”

“ಎಲ್ಲಿ, ಮಾರಿಬಿಟ್ವಿ.”

ಟೈಲರ್ ಪ್ಲಗ್ಗನ್ನೂ ಉಜ್ಜಿದ, ಕಾರ್ಬೊರೇಟರನ್ನೂ ಬಿಚ್ಚಿದ. ಪೆಟ್ರೋಲ್ ಹರಿಯುವ ಸಣ್ಣ ತೂತಿನಲ್ಲಿ ಹಳೇ ಪೆಟ್ರೋಲು ಅಂಟಾಗಿ ಕೂತಿತ್ತು. ಅವನು ತನ್ನ ಅತಿ ಸಣ್ಣ ಸೂಜಿ ತೆಗೆದ. ಬೆಳಗಿನಿಂದ ತಡಕಾಡುತ್ತಿದ್ದ ಕೈಗೆ ಸೂಜಿ ಸಿಕ್ಕಿದ್ದೇ ಕೆಲಸ ಗೊತ್ತಾಯಿತು. ತೂತು ಬಿಡಿಸಿ ಬೆಳಕಿಗೆ ಹಿಡಿದರೆ ಅದರಾಚೆ ಚೂರು ಆಕಾಶ ಕಂಡಿತು. ಎಲ್ಲ ಜೋಡಿಸಿದ ಮೇಲೆ ಒಂದು ಸ್ಕ್ರೂ ಮಾತ್ರ ಕೈಯಲ್ಲೇ ಉಳಿಯಿತು.

“ತಲೆ ಕೆಡಿಸ್ಕೋಬೇಡ,” ಮಾವ ಸಮಾಧಾನ ಹೇಳಿದರು. “ನಮ್ಮ ರೈಲಲ್ಲೂ ಒಂದೊಂದು ಉಳೀತಿತ್ತು.”

ಇನ್ನು ರೈಲು ಹತ್ತಬಾರದೆಂದು ಟೈಲರ್ ಮನಸ್ಸಿನಲ್ಲೇ ತೀರ್ಮಾನಿಸಿದ.

ಅಷ್ಟರಲ್ಲಿ ಮಧ್ಯಾಹ್ನದ ನಿದ್ದೆ ಕೆಟ್ಟ ಮನೆ ಓನರ್ ಹೊರಗೆ ಬಂದರು. ಎಲ್ಲರೂ ಬೈಗುಳಕ್ಕೆ ಕಿವಿ ಒಡ್ಡಿ ನಿಂತರು. ಆದರೆ ಅವರ ಕಣ್ಣು ಹೊಳೆಯುತ್ತಿತ್ತು.

“ಇದು ಒದ್ರೆ ಬಗ್ಗೋದಲ್ಲ ಕಣ್ರೀ, ತಳ್ಬೇಕು! ಎರಡನೇ ಗೇರಿಗೆ ಹಾಕಿ, ಕ್ಲಚ್ ಹಿಡ್ಕೊಂಡು ಕೂತ್ಕೊಳ್ಳಿ. ನಾನು ಹೇಳ್ದಾಗ ಬಿಡಿ!”

ಬೀದಿಯಲ್ಲಿ ಓನರ್ ತಳ್ಳಿದರು, ಮಾವ ಕುಂಟುತ್ತಲೇ ತಳ್ಳಿದರು. “ಬಿಡ್ರೀ!” ಎಂದು ಓನರ್ ಕೂಗಿದರು. ಟೈಲರ್ ಕ್ಲಚ್ ಬಿಟ್ಟ. ‘ಢಂ!’ ಎಂದಿತು. ಸೈಲೆನ್ಸರಿನೊಳಗೆ ಸಂಸಾರ ಹೂಡಿದ್ದ ಇಲಿಯ ಗೂಡು ಹಾರಿ ಮಹಡಿಯ ದುಪ್ಪಟಿಗೆ ಅಪ್ಪಳಿಸಿತು. ಗಾಡಿ ಹಗ್ಗ ಬಿಚ್ಚಿದ ಹೋರಿಯಾಯಿತು. ಬ್ರೇಕ್ ಇಲ್ಲವೆಂಬುದು ಟೈಲರನಿಗೆ ನೆನಪಾದದ್ದು ಆಗಲೇ. ಬೀದಿ ಸುತ್ತಿ, ಕ್ಲಚ್ ಹಿಡಿದು, ಮೂಲೆಯ ಮರಳಿನ ಗುಡ್ಡೆಗೆ ಮೂತಿಯಿಟ್ಟು ನಿಂತ. ಎಂಜಿನ್ ಮಾತ್ರ ಗುಡುಗುತ್ತಲೇ ಇತ್ತು. ಜನ ಚಪ್ಪಾಳೆ ತಟ್ಟಿದರು. ಅವನ ಕಣ್ಣಲ್ಲಿ ನೀರು, ಹೊಗೆಯಿಂದ ಎಂದ.

ಗುಡುಗುವ ಗಾಡಿಯನ್ನು ತಳ್ಳಿಕೊಂಡು ಗೇಟಿಗೆ ಬಂದರೆ ಓನರ್ ಎರಡೂ ಕೈ ಚಾಚಿ ಅಡ್ಡ ನಿಂತಿದ್ದರು.

“ಎಲ್ಲಿಗ್ರೀ?”

“ಮೆಟ್ಟಿಲ ಕೆಳಗೆ ಸಾರ್.”

“ಒಳಗೆ ವಾಹನ ನಿಲ್ಸೋ ಹಾಗಿಲ್ಲ ಅಂತ ನೀವು ಮನೆಗೆ ಬಂದಾಗ್ಲೇ ಹೇಳಿದ್ನಲ್ಲ.”

“ಇಷ್ಟು ದಿನ ಅಲ್ಲೇ ಇತ್ತಲ್ಲ ಸಾರ್!”

“ಅದು ಸಾಮಾನು. ಮುರಿದ ಮಂಚ ಇದ್ದ ಹಾಗೆ. ಈಗ ಓಡುತ್ತೆ. ಓಡೋದು ವಾಹನ. ಪೆಟ್ರೋಲು, ಬೆಂಕಿ, ಮೇಲೆ ಸಂಸಾರಗಳಿವೆ.”

“ನೀವೇ ತಳ್ಳಿದ್ದು ಸಾರ್!”

“ಮನುಷ್ಯತ್ವ ಬೇರೆ, ಓನರ್‌ತನ ಬೇರೆ.”

ಮಹಡಿಯ ಅಕ್ಕ ದುಪ್ಪಟಿ ಹಿಡಿದು ಇಳಿದು ಬಂದಳು. “ಅವರು ಹೇಳೋದು ಸರಿನೇ!”

“ಬೀದೀಲೇ ಬಿಡ್ಲಾ ಹಾಗಾದ್ರೆ?”

“ನೀರಿನ ಲಾರಿ ತಿರುಗೋಕೇ ಜಾಗ ಇಲ್ಲ,” ಎಂದರು ಮಾವ.

ಟೈಲರ್ ಹಲ್ಲು ಕಚ್ಚಿದ. ಎಂಜಿನ್ ನಿಲ್ಲಿಸಿ, ಬೆರಳು ಸುಟ್ಟುಕೊಂಡು ಪ್ಲಗ್ ಬಿಚ್ಚಿ, ಎಲ್ಲರೆದುರು ಚರಂಡಿಗೆ ಎಸೆದ. “ನೋಡಿ ಸಾರ್. ಇನ್ನಿದು ಓಡಲ್ಲ. ಸಾಮಾನು!”

ಓನರ್ ನ್ಯಾಯವಂತರು. ಕಿಕ್ಕರನ್ನು ಒತ್ತಿ ಪರೀಕ್ಷಿಸಿದರು. ಗಾಡಿ ಉಸಿರೆತ್ತಲಿಲ್ಲ. “ಹಾಂ, ಈಗ ಸರಿ,” ಎಂದು ತಾವೇ ಕೈಜೋಡಿಸಿ ಮೆಟ್ಟಿಲ ಕೆಳಗೆ ತಳ್ಳಿಸಿದರು.

ಟೈಲರ್ ಬೆವರು ಒರೆಸಿಕೊಳ್ಳುವಾಗ ಗೇಟು ಕಿರುಗುಟ್ಟಿತು. ಹೆಂಡತಿ ಬಂದಿದ್ದಳು; ಹಿಂದೆ ತಳ್ಳುಗಾಡಿಯ ಜೊತೆ ಗುಜರಿಯವನು.

“ಏನ್ರೀ, ಸ್ಟಾರ್ಟ್ ಆಯ್ತಾ?”

ಟೈಲರ್ ಬಾಯಿ ತೆರೆದ. ಓನರ್ ಹುಬ್ಬೇರಿಸಿದರು. ಬಾಯಿ ಮುಚ್ಚಿದ.

“ಆಯ್ತಮ್ಮಾ, ಬೀದಿಗೆ ಬೀದಿಯೇ ನಡುಗಿಹೋಯ್ತು,” ಅಕ್ಕ ಹೇಳಿದಳು.

“ಈಗ ಆಗಲ್ಲ,” ಎಂದರು ಮಾವ.

“ಆಗೋದಾದ್ರೆ ಒಳಗೆ ಇರೋ ಹಾಗಿಲ್ಲ,” ಓನರ್ ಸ್ಪಷ್ಟಪಡಿಸಿದರು.

“ಆಗದಿದ್ರೂ ಇರೋ ಹಾಗಿಲ್ಲ,” ಎಂದಳು ಹೆಂಡತಿ.

ಗುಜರಿಯವನು ಎಲ್ಲರ ಮುಖವನ್ನೂ ಒಮ್ಮೆ ನೋಡಿದ. ಆಮೇಲೆ ಟೈಲರನ ಹೆಗಲ ಮೇಲೆ ಕೈಯಿಟ್ಟು ಮೃದುವಾಗಿ ಹೇಳಿದ:

“ಜಗಳ ಯಾಕಣ್ಣಾ? ಸ್ಟಾರ್ಟ್ ಆಗೋದಾದ್ರೆ ನಮ್ಮಂಗಡಿವರೆಗೂ ನೀವೇ ಓಡಿಸ್ಕೊಂಡು ಬನ್ನಿ. ಆಗದಿದ್ರೆ, ಸ್ವಲ್ಪ ಆ ಕಡೆ ಹಿಡೀರಿ, ಎತ್ತೋಣ.”