ಬಿಡಲೂ ಬೇಕು, ಬಿಡಲೂ ಬಾರದು: ನನ್ನ ಕೀಚೈನಿನ ಪಾಡು

ಕೆಲವರ ಬೆನ್ನಿಗೆ ಶನಿ ಬೀಳುತ್ತಾನೆ, ನನ್ನ ಬೆನ್ನಿಗೆ ಚಾವಿ ಬಿದ್ದಿದೆ. ಜತ್ತ ತಾಲೂಕಿನ ಕನ್ನಡ ಸಾಲಿಯೊಂದರಲ್ಲಿ ಹದಿನೆಂಟು ವರ್ಷದಿಂದ ಕಲಿಸುತ್ತಿದ್ದೇನೆ. ಹುಡುಗರು ಮಗ್ಗಿ ಮರೆತದ್ದಕ್ಕಿಂತ ಹೆಚ್ಚು ಸಲ ಚಾವಿ ನನಗೆ ಕೈಕೊಟ್ಟಿದೆ.

೧. ಬೆಳುಂಕಿಗೆ ಹೋದ ಗೊಂಚಲು

ಸಾಲಿಯ ಚಾವಿಗಳ ಜವಾಬ್ದಾರಿ ನನ್ನದು. ಯಾರೂ ಹೇರಿದ್ದಲ್ಲ, ನಾನೇ ಕೇಳಿ ಪಡೆದದ್ದು. ಮೊದಲು ಅವು ನಮ್ಮ ಇನ್ನೊಬ್ಬ ಮಾಸ್ತರರ ಹತ್ತಿರ ಇದ್ದವು. ಅವರ ಕಾಲದಲ್ಲಿ ಪುಸ್ತಕದ ಕಪಾಟು ಒಂದು ದಿನವೂ ತೆರೆಯಲಿಲ್ಲ. "ತೆಗದ್ರ ಹುಡುಗರು ಓದತಾವ, ಓದಿದ್ರ ಹರೀತಾವ" ಎನ್ನುವುದು ಅವರ ಸಿದ್ಧಾಂತ. ಚಾವಿ ನನ್ನ ಕೈಗೆ ಬಂದ ಮೇಲೆ ಪುಸ್ತಕಗಳು ಚೆನ್ನಾಗಿ ಹರಿಯತೊಡಗಿದವು. ನನಗೆ ಭಾಳ ಹೆಮ್ಮೆ.

ತೊಡಕು ಇಷ್ಟೇ: ಸಾಲಿಯ ಏಳು ಚಾವಿ, ನನ್ನ ಸ್ಕೂಟಿಯದೊಂದು, ಎಲ್ಲಾ ಒಂದೇ ಉಕ್ಕಿನ ಬಳೆಯಲ್ಲಿ. ಬೇರೆ ಮಾಡಹೋದರೆ ಚಾವಿಗಿಂತ ಮೊದಲು ಉಗುರು ಬಿಡುತ್ತದೆ. ಒಂದು ಮುಂಜಾನೆ ನಮ್ಮನೆಯವರು "ಈಗ ಬಂದೆ" ಎಂದು ಸ್ಕೂಟಿ ತೆಗೆದುಕೊಂಡು ಬೆಳುಂಕಿಗೆ ಹೋದರು. ಗೊಂಚಲೂ ಹೋಯಿತು. ನಾನು ನಡೆದುಕೊಂಡು ಸಾಲಿ ಮುಟ್ಟಿದರೆ ಹುಡುಗರೆಲ್ಲ ಅಂಗಳದಲ್ಲಿ, ಖಿಚಡಿ ಮಾಡುವ ಹೆಂಗಸು ಕೀಲಿ ಹಾಕಿದ ಅಡುಗೆ ಕೋಣೆಯ ಬಾಗಿಲಲ್ಲಿ. ಫೋನ್ ಹಚ್ಚಿದೆ.

"ಅಲ್ರೀ, ಸಾಲಿ ಚಾವಿ ನಿಮ್ಮ ಹತ್ರ ಅದಾವ!"

"ಅದಾವಲ್ಲ, ಚಿಂತಿ ಮಾಡಬ್ಯಾಡ," ಎಂದು ಧೈರ್ಯ ತುಂಬಿದರು, "ಜ್ವಾಕಿ ಇಟ್ಟೀನಿ."

ಹೆಡ್ ಸರ್ ಮಾತ್ರ ಅಷ್ಟು ಧೈರ್ಯ ತುಂಬಲಿಲ್ಲ. "ಅಕ್ಕೋರ, ಎರಡ ಸಲ ಮಾಫಿ. ಮೂರನೇ ಸಲ ಹಿಂಗಾತಂದ್ರ ಚಾವಿ ಮತ್ತ ಮಾಸ್ತರ ಕಡೆ." ಪಕ್ಕದಲ್ಲಿದ್ದ ಮಾಸ್ತರರು ಆಗಲೇ ಅಂಗಿಯ ಜೇಬು ಮುಟ್ಟಿ ನೋಡಿಕೊಂಡರು, ಜಾಗ ಇದೆಯೋ ಇಲ್ಲವೋ ಎಂದು.

೨. ಅಂಗಡಿಯವರ ಅನುಭವ

ಕೀಚೈನು ಕೊಳ್ಳುವುದು ಏನು ಮಹಾ ಎಂದುಕೊಂಡೆ. ಜತ್ತದ ಅಂಗಡಿಯವರು ಒಂದು ಬುಟ್ಟಿಯನ್ನೇ ಮುಂದೆ ಸುರಿದರು. ದೇವರು, ಬಾಟಲಿ ತೆಗೆಯುವ ಕೊಕ್ಕೆ, ಒತ್ತಿದರೆ ನಗುವ ಗೊಂಬೆ.

"ಇವಲ್ಲರಿ. ಒಂದ ಕೈಲೆ ಲಗೂನ ಬಿಡುವಂಥಾದ್ದು ಬೇಕು. ಸ್ಕೂಟಿ ಚಾವಿ ಈ ಕಡೆ, ಸಾಲಿ ಚಾವಿ ಆ ಕಡೆ."

ಅಂಗಡಿಯವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಅಕ್ಕೋರ, ಇಪ್ಪತ್ತ ವರ್ಷ ಆತು ಅಂಗಡಿ ಇಟ್ಟು. ಬಿಡತಾವಂತ ಹೊಳ್ಳಿ ತಂದು ಜಗಳ ತಗದವರು ಭಾಳ ಮಂದಿ ಅದಾರ. ಬಿಡೂದ ಬೇಕಂತ ಬಂದವರು ನೀವ ಮೊದಲನೇದವರು."

ಕಡೆಗೆ ಪ್ಲಾಸ್ಟಿಕ್ ಗುಂಡಿಯದೊಂದು ಕೊಟ್ಟರು. ಅದು ಅಂಗಡಿಯ ಮೆಟ್ಟಿಲಲ್ಲೇ ಬಿಟ್ಟುಕೊಂಡಿತು. "ನೋಡ್ರಿ," ಎಂದರು ಅವರು ಗಲ್ಲಾಪೆಟ್ಟಿಗೆಯ ಹಿಂದಿನಿಂದಲೇ, "ನೀವು ಹೇಳಿದಂಗ ಲಗೂನ ಬಿಡತೈತಿ."

೩. ತಿಜೂರಿಯ ಮಾಯೆ

ಆಮೇಲೆ ಆನ್‌ಲೈನಿನಲ್ಲಿ ಅಯಸ್ಕಾಂತದ್ದು ತರಿಸಿದೆ. ಎರಡು ತುಂಡು, ಎಳೆದರೆ ಬೇರೆ, ಹತ್ತಿರ ತಂದರೆ ಟಕ್ಕನೆ ಕೂಡುತ್ತವೆ. ಮೂರು ದಿನ ನಾನು ಊರಲ್ಲೆಲ್ಲ ಟಕ್ ಟಕ್ ಮಾಡಿ ತೋರಿಸುತ್ತ ತಿರುಗಿದೆ. ನಾಲ್ಕನೇ ದಿನ ಸಾಲಿಗೆ ಬಂದು ನೋಡಿದರೆ ಸ್ಕೂಟಿಯ ತುಂಡು ಇದೆ, ಸಾಲಿಯದಿಲ್ಲ. ಅತ್ತೆಗೆ ಫೋನ್ ಮಾಡಿದೆ.

"ಇಲ್ಲವಾ, ಮನಿ ತುಂಬ ಹುಡಕಿದ್ನಿ. ಎಲ್ಲೂ ಇಲ್ಲ."

ಹುಡುಗರನ್ನು ಬೇವಿನ ಗಿಡದ ಕೆಳಗೆ ಕೂರಿಸಿ ಮಗ್ಗಿ ಹೇಳಿಸುತ್ತ ಕುಳಿತವರು ಹೆಡ್ ಸರ್. ಮನೆಗೆ ಓಡಿದವಳು ನಾನು. ಸೀರೆ ತೆಗೆಯಲು ಬೆಳಿಗ್ಗೆ ತಿಜೂರಿಗೆ, ಅಂದರೆ ಉಕ್ಕಿನ ಬೀರುವಿಗೆ, ಆತು ನಿಂತಿದ್ದೆನಲ್ಲ, ಏಳೂ ಚಾವಿ ಅದರ ಬಾಗಿಲಿಗೆ ಅಂಟಿಕೊಂಡು ನೇತಾಡುತ್ತಿದ್ದವು, ಸರಿಯಾಗಿ ಅತ್ತೆಯ ಮೂಗಿನ ಮುಂದೆ.

"ಇಲ್ಲೇ ಅದಾವಲ್ರೀ ಅತ್ತಿ!"

"ತಿಜೂರಿ ಮ್ಯಾಲಿದ್ದದ್ದು ತಿಜೂರಿ ಚಾವಿನ ಇರಬೇಕಂತ ನಾ ಕೈ ಹಚ್ಚಲಿಲ್ಲ," ಎಂದರು ಅತ್ತೆ. "ನಿನ್ನ ಚಾವಿಗಾದ್ರೂ ಮನಿ ಮ್ಯಾಲ ಮಾಯಾ-ಮಮತಾ ಐತಿ ನೋಡು."

ಅಲ್ಲಿಗೆ ಎರಡನೇ ಮಾಫಿಯೂ ಮುಗಿಯಿತು.

೪. ಸೆರಗಿನ ಗಂಟು

"ನಾವೇನು ಕೀಚೈನ ಕಂಡಿದ್ವೇನ?" ಎಂದು ಅತ್ತೆಯೇ ಸಾಲಿಯ ಚಾವಿಗಳನ್ನು ನನ್ನ ಸೆರಗಿಗೆ ಕಟ್ಟಿಕೊಟ್ಟರು. ಅದು ಬಿಡಲಿಲ್ಲ ನಿಜ. ಮರುದಿನ ಕವಾಯತಿನಲ್ಲಿ ನಾನು ಹುಡುಗರಿಗೆ "ಹಿಂದಕ್ಕ ತಿರಗ್" ಎಂದು ಹೇಳಿ ನಾನೂ ತಿರುಗಿದೆ. ಸೆರಗು ಸ್ವಲ್ಪ ತಡವಾಗಿ ತಿರುಗಿತು. ಏಳು ಚಾವಿಯೂ ಹೆಡ್ ಸರ್ ಭುಜಕ್ಕೆ ಹಾಜರಿ ಹಾಕಿದವು.

"ಅಕ್ಕೋರ," ಎಂದರು ಅವರು ಭುಜ ತಿಕ್ಕುತ್ತ, "ಚಾವಿ ಕಳದರ ಕಸಗೋತೀನಿ ಅಂದಿದ್ನಿ. ಕಳೀದಿದ್ರ ಹೊಡೀರಿ ಅಂದಿದ್ದಿಲ್ಲ."

೫. ಮುತ್ಯಾನ ಪರೀಕ್ಷೆ

ನಮ್ಮ ಸಾಲಿಯ ಹುಡುಗಿಯೊಬ್ಬಳ ಮುತ್ಯಾ ದರಿಬಡಚಿಯ ಕಡೆಯವರು, ಹುಟ್ಟಿದಾಗಿನಿಂದ ಕುರಿ ಕಾದವರು. ಮೊಮ್ಮಗಳ ದಾಖಲೆಗೆ ಬಂದಾಗ ನನ್ನ ಪಾಡು ಕೇಳಿ ಬಾಯಿ ತುಂಬ ನಕ್ಕರು. ಜತೆಗೆ ಕರೆತಂದಿದ್ದ ತಮ್ಮ ಟಗರಿನ ಕೊರಳು ತೋರಿಸಿದರು. ಉಣ್ಣೆಯ ಹುರಿ, ಅದರ ತುದಿಗೆ ಕುಣಿಕೆ, ಕುಣಿಕೆಯಲ್ಲಿ ಬೆರಳುದ್ದದ ಜಾಲಿ ಕಡ್ಡಿ.

"ಟಗರ ಎಷ್ಟ ಜಗ್ಗತೈತಿ ಅಷ್ಟ ಬಿಗೀತೈತಿ. ನಾ ಹೆಬ್ಬಟ್ಟಿಲೆ ಕಡ್ಡಿ ಹೊಳ್ಳಿಸಿದ್ನೆಂದ್ರ ಬಿಡತೈತಿ. ಇಷ್ಟ ನೋಡವಾ ಅಕ್ಕೋರ."

ಎರಡು ದಿನದಲ್ಲಿ ನನಗೊಂದು ಸಣ್ಣದು ಹೊಸೆದು ತಂದರು. ಕೈ ಚಾಚಿದೆ. ಕೊಡಲಿಲ್ಲ. "ಪರೀಕ್ಷಾ ಆಗದ ಪಾಸ್ ಮಾಡಬಾರದು." ಹುರಿಯ ಒಂದು ತುದಿ ಬೇವಿನ ಗಿಡಕ್ಕೆ, ಇನ್ನೊಂದು ತುದಿ ಟಗರಿನ ಕೊರಳಿಗೆ, ನಡುವೆ ಕಡ್ಡಿ, ಕಡ್ಡಿಯ ಕುಣಿಕೆಯಲ್ಲಿ ನನ್ನ ಏಳು ಚಾವಿ. ಟಗರು ಜಗ್ಗತೊಡಗಿತು. ಗಿಡ ಅಲುಗಿತೇ ಹೊರತು ಹುರಿ ಅಲುಗಲಿಲ್ಲ.

ಸರಿಯಾಗಿ ಆಗಲೇ ತಪಾಸಣೆಗೆ ಸುತ್ತಲಿನ ಸಾಲಿಗಳ ಮೇಲಧಿಕಾರಿ ಕೇಂದ್ರಪ್ರಮುಖರ ಗಾಡಿ ಬಂದು ನಿಂತಿತು. ಇಳಿಯುತ್ತಲೇ, "ಮೊದಲ ಪುಸ್ತಕದ ಕಪಾಟ ತೆಗೀರಿ, ನೋಡೂಣು" ಎಂದರು.

ಹೆಡ್ ಸರ್ ನನ್ನತ್ತ ನೋಡಿದರು. ನಾನು ಟಗರಿನತ್ತ ನೋಡಿದೆ. ಮಾಸ್ತರರು ಅಂಗಳದ ನಡುವೆ ಬಂದು ಎಲ್ಲರಿಗೂ ಕೇಳುವ ಹಾಗೆ, "ಮೂರನೇ ಸಲ ಆತಲ್ರಿ ಸರ್," ಎಂದು ಕೈ ಚಾಚಿ ನಿಂತರು. ಆರು ತಿಂಗಳು ಓದಿ ಹರಿದ ಪುಸ್ತಕಗಳೆಲ್ಲ ಮತ್ತೆ ಕತ್ತಲೆಗೆ ಹೋಗುವುದು ನನ್ನ ಕಣ್ಣಿಗೆ ಕಂಡಿತು.

"ಮುತ್ಯಾ, ಬಿಡಸ್ರಿ!"

ಮುತ್ಯಾ ಹೆಬ್ಬೆರಳಿನಿಂದ ಕಡ್ಡಿ ಹೊರಳಿಸಿದರು. ಕಣ್ಣು ಮಿಟುಕಿಸುವಷ್ಟರಲ್ಲಿ ಏಳೂ ಚಾವಿ ನನ್ನ ಅಂಗೈಯಲ್ಲಿ. ಆಯಿತು, ಗೆದ್ದೆ ಎಂದುಕೊಂಡೆ. ಆದರೆ ಬಿಟ್ಟದ್ದು ಚಾವಿ ಮಾತ್ರ ಅಲ್ಲವಲ್ಲ. ಇಷ್ಟು ಹೊತ್ತು ಜಗ್ಗಿ ಸಿಟ್ಟಿಗೆದ್ದಿದ್ದ ಟಗರು ತಲೆ ತಗ್ಗಿಸಿ, ಅಂಗಳದ ನಡುವೆ ಕೈ ಚಾಚಿ ನಿಂತವರನ್ನು ಒಮ್ಮೆ ನೋಡಿತು.

ಮಾಸ್ತರರು ಓಡಿದ ಓಟವನ್ನು ಕೇಂದ್ರಪ್ರಮುಖರೂ ತಲೆದೂಗಿ ಮೆಚ್ಚಿದರು. ಮಾಸ್ತರರು ಎದುರಿಗಿದ್ದ ಕೋಣೆಗೆ ನುಗ್ಗಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತರು. ಒಳಗೆ ಚಿಲಕ ಇರಲಿಲ್ಲ. ಹೊರಗೆ ಬಾಗಿಲಿಗೆ ಒಮ್ಮೆ ಗುದ್ದಿದ ಟಗರು ಎರಡನೇ ಸಲ ಗುದ್ದಲು ಹಿಂದೆ ಸರಿಯುತ್ತಿತ್ತು. ಆಗ ಇಡೀ ಸಾಲಿ, ಹೆಡ್ ಸರ್, ಕೇಂದ್ರಪ್ರಮುಖರು, ಎಲ್ಲರ ಸಮಕ್ಷಮ ಬಾಗಿಲ ಸಂದಿಯಿಂದ ಕೂಗು ಬಂತು:

"ಅಕ್ಕೋರ! ಚಾವಿ ನಿಮ್ಮ ಕೈಯಾಗ ಇರಲ್ರಿ, ಲಗೂನ ಹೊರಗಿಂದ ಕೀಲಿ ಹಾಕ್ರಿ!"