ಆಮಿ ಮರಿಗೆ ಕಟ್ಟಿದ ತೊಟ್ಟಿ

ಎದಿ ಧಸಕ್ ಅನ್ನೂದು ನನಗ ಈಗ ರೂಢಿ ಆಗೈತಿ. ಹೆಂಡತಿ ತೀರಿದ ಮ್ಯಾಲ ಮನಿ ಭಣಭಣ ಅಂತಿತ್ತು. ಮುದ್ದೇಬಿಹಾಳಕ್ಕ ಕೊಟ್ಟ ಮಗಳು ಒಂದು ಆಮಿ ಮರಿ ತಂದಳು. ಅಂಗೈಯಾಗ ಹಿಡಿಸೂವಷ್ಟು. "ಮನ್ಯಾಗ ಒಂದು ಜೀವ ಇರ್ಲಿ, ಅಪ್ಪಾ" ಅಂದಳು. ಇನ್ನೊಂದು ಜೀವ ನನ್ನ ಮನ್ಯಾಗ ಹೋಗಬಾರ್ದು, ಅಷ್ಟ ನನ್ನ ಚಿಂತಿ. ಅವತ್ತಿನಿಂದ ಸಿಂದಗಿಯ ಈ ಅಂಗಳದಾಗ ಏನರ ಒಂದು ನಡದ ನಡೀತೈತಿ.

೧. ಕೂಡೂ ಜಾಗಾ

ನಾ ಗೌಂಡಿ. ಮಂದಿಗೆ ಮನಿ ಕಟ್ಟಿಕೊಟ್ಟಾಂವ. ಗಾಜಿನ ಡಬ್ಬಿ ಯಾಕ, ನಾನ ಕಟ್ತೇನಿ ಅಂದೆ. ಆಮಿ ಬಕೆಟ್ಟಿನ್ಯಾಗ ಕಾಯ್ತಿತ್ತು. ಅಂಗಳದಾಗ ಸಿಮೆಂಟಿನ ತೊಟ್ಟಿ ಎಬ್ಬಿಸಿದೆ. ಹೊಸ ಸಿಮೆಂಟಿನ ಖಾರ ಹೋಗೂತನಕ ನೀರು ತುಂಬಿದೆ, ಚೆಲ್ಲಿದೆ, ಮತ್ತ ತುಂಬಿದೆ. ಒಳಗ ಸಿಮೆಂಟ ಬಳದ ಗಿಲಾವು ಎಷ್ಟು ನುಣ್ಣಗಿತ್ತಂದ್ರ ಅದರಾಗ ಮಾರಿ ಕಾಣತಿತ್ತು. ಕಂಠಮಟ ನೀರು ಬಿಟ್ಟು ಆಮಿ ಇಳಿಸಿದೆ. ಈಸಿತು. ಗ್ವಾಡಿ ಹಿಡೀತು, ಜಾರಿತು. ಮತ್ತ ಈಸಿತು. ಚೊಲೊ ಆಡಾಕತ್ತೈತಿ ಅಂತ ಮಗಳಿಗೆ ಫೋನಿನಾಗ ತೋರಿಸಿದೆ.

ಮಗಳ ಮಾರಿ ಬಿಳಿಚಿತು. "ಅಪ್ಪಾ, ಅದು ಆಡಾಕತ್ತಿಲ್ಲ. ದಣದು ಮುಳುಗಾಕತ್ತೈತಿ. ಹತ್ತಿ ಕೂಡಾಕ ಜಾಗಾ ಎಲ್ಲೈತಿ?"

ತೋಳಮಟ ಕೈ ಹಾಕಿ ಎತ್ತಿದೆ. ಅರ್ಧಾ ನೀರು ತೆಗೆದು, ಪರಸಿ ಕಲ್ಲಿನ ತುಂಡು ಓರೆ ಇಟ್ಟೆ. ಜೀವನದಾಗ ಯಾರ ಮನಿಗೂ ಮುಂದ ಕೂಡೂ ಕಟ್ಟಿ ಮರತಾಂವ ಅಲ್ಲ ನಾ. ಮರತದ್ದು ಇದೊಂದ. ಅದೂ ಮಾಲಕ ಬಾಯಿ ಬಿಟ್ಟು ಹೇಳಾಕ ಬರಲಾರದಾಂವ.

೨. ಕೆಂಪು ನೀರು

ಒಂದು ಸೋಮವಾರ ಹೊರಗ ಬಂದೆ. ತೊಟ್ಟ್ಯಾಗಿನ ನೀರು ಕೆಂಪಗಿತ್ತು. ಬೆಕ್ಕು ಹರದು ಹಾಕೈತಿ ಅಂತ ನೀರಾಗ ಕೈ ಆಡಿಸಿ ಹುಡುಕಿದೆ. ಆಮಿ ಬೆರಳು ಕಚ್ಚಿತು.

ಬಾಜು ಮನಿ ಅಕ್ಕ ಕಂಪೌಂಡಿನ ಆ ಕಡೆಯಿಂದ, ಪೂಜಿ ಮುಗದೈತ್ರಿ ಅಂದಳು. ನಮ್ಮ ಕಡೆ ಗುಡಿಯಾಗ ಬಸವಣ್ಣನ ಮುಂದ ಕಲ್ಲಿನ ಆಮಿ ಇರ್ತೈತಿ. ಅದನ್ನ ಮುಟ್ಟಿ ನಮಸ್ಕಾರ ಮಾಡೇ ಒಳಗ ಹೋಗೂದು. ಇಲ್ಲಿ ಜೀವಂತನ ಸಿಕ್ಕೈತಿ, ಆಕಿ ಬಿಡ್ತಾಳೇನು. ಬೆನ್ನ ತುಂಬ ಕುಂಕುಮ ಬಡದಿದ್ದಳು. ಅದಕ್ಕ ಕುಂಕುಮ ಆಗೂದಿಲ್ಲ, ಸಾಯ್ತೈತಿ ಅಂತ ತಿಳಿಸಿ ಹೇಳಿದೆ. ಹೌದ್ರಿ ಹೌದ್ರಿ ಅಂದಳು.

ಮುಂದಿನ ಸೋಮವಾರ ಕುಂಕುಮ ತರಲಿಲ್ಲ. ಟೆಂಗಿನಕಾಯಿ ತಂದಳು. ಕಣ್ಣಿಗೆ ಹಾಕ್ಕೊಳ್ಳೂ ಚಾಳೀಸು ಮನ್ಯಾಗ ಬಿಟ್ಟು ಬಂದಿದ್ದಳು. ಕಾಯಿ ಎತ್ತಿ ಹಿಡದು, ಒಡಿಯಾಕ ಈ ಗುಂಡ ಕಲ್ಲು ಗಟ್ಟಿ ಐತೇನ್ರಿ ಅಂತ ಕೇಳಿದಳು. ಆ ಗುಂಡ ಕಲ್ಲಿಗೆ ನಾಕು ಕಾಲಿದ್ವು.

೩. ಕುಣಿ

ಚಳಿಗಾಲದ ಒಂದು ಮುಂಜಾನೆ ಆಮಿ ಅಲುಗಲಿಲ್ಲ. ಕಾಲು ಜೋತಿದ್ವು. ಮುಟ್ಟಿದೆ. ತಣ್ಣಗಿತ್ತು. ಆ ತಣ್ಣಗ ನನಗ ಗುರುತಿತ್ತು. ಹೆಂಡತಿ ಕೈ ಹಂಗ ಆಗಿತ್ತು. ಆಮೀನ ಎತ್ತಿ ತೊಟ್ಟಿ ದಂಡಿ ಮ್ಯಾಲ ಇಟ್ಟು ಬಾಜೂಕ ಕೂತೆ.

ಅಕ್ಕ ಬಂದು ನೋಡಿದಳು. ಕೆಳಗ ಕೂತು ಹಾಡ್ಕೊಂಡು ಅಳಾಕ ಹತ್ತಿದಳು. ಓಣಿ ಮಂದಿ ಕೂಡಿತು. ಒಬ್ಬಾಕಿ ರೊಟ್ಟಿ, ಝುಣಕ ತಂದಿಟ್ಟಳು. ಸಾವಿನ ಮನ್ಯಾಗ ಒಲಿ ಹಚ್ಚೂದಿಲ್ಲಲ್ಲ. ಹಿಂದಿನ ದಿನನ ನನ್ನ ಮಾತಾಡಸಾಕ ಬಸವನ ಬಾಗೇವಾಡಿಯಿಂದ ಹೆಂಡತಿ ತಮ್ಮ ಬಂದಿದ್ದ. ಅವರೂರಾಗ ಯಾರು ಸತ್ರೂ ಕುಣಿ ತೋಡಾಂವ ಅಂವನ. ಸಣ್ಣದು ತೋಡಿ ಗೊತ್ತಿಲ್ಲ. ಬೇವಿನ ಗಿಡದ ಬುಡಕ ಎದಿಮಟ ತೋಡಿದ.

ಮ್ಯಾಲ ಬಂದು ಕೇಳಿದ: "ಮಾವಾ, ಕೂಡಿಸಿ ಇಡೂದೋ, ಮಲಗಿಸಿ ಇಡೂದೋ?"

ನಮ್ಮ ಲಿಂಗಾಯತರಾಗ ಹೆಣಾ ಕೂಡಿಸಿ ಮಣ್ಣು ಕೊಡ್ತಾರ. ಆಮೀನ ಹೆಂಗ ಕೂಡಸ್ತೀರಿ. ಎದುರು ಮನಿ ದರ್ಜಿ ಚಾಚಾ, ನಮ್ಮಂಗ ಮಲಗಿಸ್ರಿ, ಅದಕ್ಕೂ ಆರಾಮ ಅಂದ. ಹಂಗಾದ್ರ ಅದು ಯಾರ ಪೈಕಿ ಅಂತ ವಾದ ಬಿತ್ತು. ಬಿಸಿಲು ಏರಿತು. ತಿರುಗಿ ನೋಡಿದ್ರ ದಂಡಿ ಮ್ಯಾಲ ಆಮಿ ಇಲ್ಲ.

ಅಳಾಕತ್ತಿದ್ದ ಅಕ್ಕ ಕಿಟಾರನ ಕಿರಚಿ ಎದ್ದಳು. ಸತ್ತದ್ದು ಆಕಿ ಸೀರಿ ನೆರಿಗಿ ಹಿಡದು ಜೋತಾಡಾಕತ್ತಿತ್ತು. ಚಳಿಗೆ ಜಡ ಹಿಡದು ಬಿದ್ದಿತ್ತು, ಬಿಸಿಲಿಗೆ ಎಚ್ಚರಾತು ಅಂತ ಮಗಳು ಆಮ್ಯಾಲ ತಿಳಿಸಿದಳು. ಬಿಡಿಸಿ ಅಂಗೈಯಾಗ ಇಟ್ಕೊಂಡೆ. ಕಾಲು ಝಾಡಿಸಿತು. ನನಗ ಅಳು ಬಂತು.

ಹೆಂಡತಿ ತಮ್ಮ ಮಾತ್ರ ಕುಣಿ ಬಾಯಿ ಮುಂದ ನಿಂತಿದ್ದ. ಬೆವರು ಒರಸ್ಕೊಂಡು ಅಂದ: "ತೋಡಿದ ಕುಣಿ ಖಾಲಿ ಮುಚ್ಚಬಾರ್ದು."

ಮಂದಿ ಒಬ್ಬರ ಮಾರಿ ಒಬ್ಬರು ನೋಡಿದ್ರು. ಇದ್ದವರಾಗ ಹಿರ್ಯಾ ನಾನ. ಒಂದೊಂದ ಕಣ್ಣು ತಿರುಗಿ ನನ್ನ ಮ್ಯಾಲ ಬಂದು ನಿಂತ್ವು.

ಆಮಿ ಅವಚ್ಕೊಂಡು ಒಳಗ ಓಡಿ ಚಿಲಕ ಹಾಕ್ಕೊಂಡೆ.